ಕಡಲ ತೀರದ ಊಟ, ಕಡಲ ತೀರದ ಮಾತು

ಬೇಸಗೆಯ ರಜೆ ಹತ್ತಿರ ಬಂತೆಂದರೆ ಖಡಕಿಯ ನಮ್ಮ ಕನ್ನಡ ಮನೆಗಳಲ್ಲಿ ಸಮುದ್ರದ ಮಾತು ಏಳುತ್ತದೆ. ಅಲಿಬಾಗ, ದಾಪೋಲಿ, ಗಣಪತಿಪುಳೆ ಇವೆಲ್ಲ ಹತ್ತಿರದವು, ಹೋಗಿಬರುವುದು ಸುಲಭ. ಆದರೆ ನಾಲ್ಕು ದಿನ ಹೆಚ್ಚು ಬಿಡುವಿದ್ದವರು ಇನ್ನೂ ದಕ್ಷಿಣಕ್ಕೆ ಇಳಿದು ಅಂಕೋಲೆ, ಗೋಕರ್ಣ, ಕುಮಟೆಗಳನ್ನು ನೋಡಿ ಬರಬೇಕೆಂಬುದು ನಮ್ಮ ಅಭಿಪ್ರಾಯ. ಅದು ನಮಗೆ ಪರದೇಶವೇನಲ್ಲ. 1862ರಿಂದ 1956ರ ವರೆಗೆ ಉತ್ತರ ಕನ್ನಡ ಜಿಲ್ಲೆಯೂ ಈ ಖಡಕಿಯೂ ಮುಂಬಯಿಯ ಒಂದೇ ಆಡಳಿತಕ್ಕೆ ಸೇರಿದ್ದವು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾದ ಮೇಲೆ ಪ್ರಯಾಣದ ಕಷ್ಟವೂ ತಗ್ಗಿದೆ. ರಸ್ತೆಯೇ ಬೇಕೆನ್ನುವವರಿಗೆ ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟದ ದಾರಿ ಇದ್ದೇ ಇದೆ.

ಹೋಗುವವರೊಡನೆ ನಮ್ಮದೊಂದು ತಕರಾರು ಮಾತ್ರ ಉಂಟು. ನಮ್ಮಲ್ಲಿ ಹಲವರು ಬಯಲುಸೀಮೆಯ ಮನೆಗಳವರು. ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳದೆ ಹೊಸ್ತಿಲು ದಾಟುವವರಲ್ಲ. ದಾರಿಗೆ ಬುತ್ತಿ ಬೇಕು, ನಿಜ. ಆದರೆ ಕಡಲ ದಂಡೆಯಲ್ಲಿ ಕುಳಿತೂ ಅದೇ ಗಂಟು ಬಿಚ್ಚುವುದು, ಅದು ತೀರಿದ ಮೇಲೆ ಪುಣೆಯ ಹೋಟೆಲಿನಲ್ಲಿ ಸಿಗುವ ಪನೀರಿನ ಪಲ್ಯವನ್ನೇ ಅಲ್ಲಿಯೂ ಕೇಳುವುದು ಎಂದರೆ ಏನು! ಇಷ್ಟಕ್ಕೆ ಸುಮಾರು 500 ಕಿಲೋಮೀಟರು ಹೋಗಬೇಕೆ?

ಕರಾವಳಿಯ ಊಟಕ್ಕೆ ತನ್ನದೇ ಒಂದು ಪಂಚಾಂಗವಿದೆ. ಮೀನು ತಿನ್ನುವವರು ಮೇ ತಿಂಗಳೊಳಗೆ ಹೋಗುವುದು ಲೇಸು. ಜೂನ್ 1ರಿಂದ ಜುಲೈ 31ರ ವರೆಗೆ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ, ಅದು ಮೀನು ಮರಿಮಾಡುವ ಕಾಲ. ಹೋದವರು ಪಾಂಪ್ಲೆಟನ್ನೇ ಹುಡುಕಬೇಕಾಗಿಲ್ಲ. ಅಲ್ಲಿಯ ಜನ ದಿನವೂ ಉಣ್ಣುವ ಬಂಗಡೆಯನ್ನು ತೆಂಗಿನಕಾಯಿ ಮಸಾಲೆಯಲ್ಲಿ, ಜುಮ್ಮನಕಾಯಿ ಹಾಕಿ ಮಾಡಿದ ಸಾರಿನಲ್ಲಿ ತಿಂದು ನೋಡಿರಿ. ನಮ್ಮ ನೆರೆಯ ಮರಾಠಿ ಮನೆಯವರು ತಿರಫಳ ಎನ್ನುವುದು ಈ ಜುಮ್ಮನಕಾಯಿಯನ್ನೇ.

ಮುರುಗಲಿನ ಮಾತೂ ಹಾಗೆಯೇ. ಖಡಕಿಯ ಕಿರಾಣಿ ಅಂಗಡಿಯಲ್ಲಿ ಕಪ್ಪಾಗಿ ಒಣಗಿದ ಕೋಕಂ ಸಿಪ್ಪೆಯನ್ನು ಕಂಡ ಮಕ್ಕಳು ಅದರ ಹಣ್ಣನ್ನು ಕಂಡಿರುವುದಿಲ್ಲ. ಅಂಕೋಲೆಯ ಪೇಟೆಯಲ್ಲಿ ಒಬ್ಬ ಹುಡುಗಿ ಬುಟ್ಟಿಯಲ್ಲಿದ್ದ ಕೆಂಪು ಹಣ್ಣನ್ನು ತೋರಿಸಿ, “ಅಮ್ಮಾ, ಇದಕ್ಕೆ ಏನಂತೀರಿ?” ಎಂದು ಕೇಳಿದಳು. “ಮುರುಗಲ ಹಣ್ಣು ತಂಗೀ, ತಿಂದು ನೋಡು” ಎಂದು ಆ ಹೆಂಗಸು ಒಂದನ್ನು ಕೈಗೇ ಇಟ್ಟಳು. ಹಲ್ಲು ಜುಮ್ಮೆನ್ನುವ ಹುಳಿ! ಆದರೆ ಆ ಮಾತನ್ನು ಹುಡುಗಿ ಮರೆಯಲಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು ಎಂದು ಬೆಳೆಯುವ ನಮ್ಮ ಮಕ್ಕಳಿಗೆ ಪಾಠದ ಪುಸ್ತಕ ಕೊಡದ ಶಬ್ದಗಳು ಹೀಗೆ ನಾಲಿಗೆಯ ಮೇಲಿನಿಂದ ಒಳಕ್ಕೆ ಇಳಿಯುತ್ತವೆ. ಇನ್ನೂ ದಕ್ಷಿಣಕ್ಕೆ ಹೋದರೆ ಇದೇ ಹಣ್ಣು ಪುನರ್ಪುಳಿಯಾಗುತ್ತದೆ.

ನಾವು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು ಕಗ್ಗದ ಗಂಜಿಯನ್ನು. ಕಗ್ಗವೆಂದೊಡನೆ ಡಿ.ವಿ.ಜಿ.ಯವರನ್ನು ನೆನೆಯುವವರು ಈ ಭತ್ತವನ್ನೂ ನೆನೆಯಬೇಕು. ಅಘನಾಶಿನಿ ನದಿ ಕಡಲು ಸೇರುವ ಕಡೆ, ಕುಮಟಾ ತಾಲೂಕಿನ ಮಾಣಿಕಟ್ಟೆಯ ಸುತ್ತ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳುಂಟು. ಬೇರೆ ಭತ್ತ ಅಲ್ಲಿ ಬದುಕದು. ಆಳೆತ್ತರದ ಈ ಕಗ್ಗ ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುತ್ತದೆ. ಮಳೆ ಬಿದ್ದು ನೆಲದ ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜವನ್ನು ಎರಚುತ್ತಾರೆ. ಗೊಬ್ಬರ ಹಾಕುವುದಿಲ್ಲ, ನೀರಿನಲ್ಲಿ ನಿಂತ ಪೈರಿನ ತೆನೆಯನ್ನಷ್ಟೇ ಕೊಯ್ಯುತ್ತಾರೆ. ಈಗ ಒಡ್ಡು ಒಡೆದು, ಸಿಗಡಿ ಸಾಕಣೆ ಹೆಚ್ಚಿ, ಹಲವು ಗಜನಿಗಳಲ್ಲಿ ಬೇಸಾಯವೇ ನಿಂತುಹೋಗಿದೆ. ಕೇಳುವವರಿಲ್ಲದ ಅಕ್ಕಿಯನ್ನು ಯಾರು ಎಷ್ಟು ವರ್ಷ ಬೆಳೆದಾರು? ಆ ಕೆಂಪಕ್ಕಿಯ ಬಿಸಿ ಗಂಜಿಗೆ ಒಂದು ಚಮಚ ತುಪ್ಪ, ಒಂದು ಅಪ್ಪೆಮಿಡಿ ಉಪ್ಪಿನಕಾಯಿ ಸಾಕು. ಹೋಟೆಲಿನ ಫಲಕದಲ್ಲಿ ಇದನ್ನು ಹುಡುಕಿ ಪ್ರಯೋಜನವಿಲ್ಲ. ಇಳಿದುಕೊಂಡ ಮನೆಯ ಅಕ್ಕನಿಗೆ ಹಿಂದಿನ ದಿನವೇ, “ನಾಳೆ ನಿಮ್ಮ ಮನೆಗೆ ಮಾಡುವುದನ್ನೇ ನಮಗೂ ಮಾಡಿರಿ” ಎಂದು ಹೇಳಿಡಬೇಕು. ಅಕ್ಕಿ ಸಿಕ್ಕರೆ ಎರಡು ಸೇರು ಕೊಂಡು ತನ್ನಿರಿ.

ತರತಕ್ಕ ಇನ್ನೊಂದು ವಸ್ತುವೆಂದರೆ ಕುಮಟೆಯ ಸಿಹಿ ನೀರುಳ್ಳಿ. ನಮ್ಮ ಉಳ್ಳಾಗಡ್ಡಿಯೇ, ಆದರೆ ಖಾರ ಕಡಿಮೆ. ಏಪ್ರಿಲ್, ಮೇ ತಿಂಗಳಲ್ಲಿ ಅಳ್ವೇಕೋಡಿ, ಹಂದಿಗೋಣಗಳ ಹೆದ್ದಾರಿಯ ಬದಿಯಲ್ಲಿ ಜಡೆ ಹೆಣೆದಂತೆ ಗೊಂಚಲು ಕಟ್ಟಿ ತೂಗಿಬಿಟ್ಟಿರುತ್ತಾರೆ. ಅಡುಗೆಮನೆಯಲ್ಲಿ ಗಾಳಿಯಾಡುವಲ್ಲಿ ನೇತುಹಾಕಿದರೆ ತಿಂಗಳುಗಟ್ಟಲೆ ಬಾಳುತ್ತದೆ.

ಅಂಕೋಲೆಯ ಕರಿ ಇಶಾಡ ಮಾವಿನ ಹಣ್ಣಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ರತ್ನಾಗಿರಿಯ ಆಪೂಸಿನ ಅಭಿಮಾನಿಗಳೊಡನೆ ನಾವು ಜಗಳಕ್ಕೆ ಹೋಗುವುದಿಲ್ಲ. ತಿಂದ ಮೇಲೆ ಅವರೇ ಹೇಳಲಿ. ಇದರ ಸಿಪ್ಪೆ ತೆಳು, ತಿರುಳು ಬಹಳ. ಮಾಗಿದ ಮೇಲೆ ಹೆಚ್ಚು ದಿನ ನಿಲ್ಲುವುದಿಲ್ಲವಾದ್ದರಿಂದ ಕಟ್ಟಿಕೊಂಡು ಬರುವ ಸಾಹಸ ಬೇಡ. ಬುಟ್ಟಿಯ ಮುಂದೆಯೇ ನಿಂತು, ತೋಳು ಮಡಿಚಿಕೊಂಡು ತಿಂದುಬಿಡಿ.