ಕಡತ ‘ವರ್ಗಾವಣೆ’ ಎಂದರೆ ನಕಲು: ಆರಂಭಿಕರಿಗೆ ಬೋಧಿಸುವ ಬಗೆ

ಅಭ್ಯಾಸ ಬೋಧನೆಯಲ್ಲಿ ಒಂಬತ್ತನೇ ತರಗತಿಗೆ ಅಂತರಜಾಲದ ಮೂಲಕ ಕಡತ ವರ್ಗಾವಣೆಯ ಪಾಠ ಮಾಡಿದಾಗ ಮೊದಲ ತೊಡಕು ಬಂದದ್ದು ತಂತ್ರಜ್ಞಾನದಿಂದಲ್ಲ, ‘ವರ್ಗಾವಣೆ’ ಎಂಬ ಪದದಿಂದ. ಮಕ್ಕಳಿಗೆ ವರ್ಗಾವಣೆ ಎಂದರೆ ಮೇಷ್ಟ್ರು ಬೇರೆ ಊರಿನ ಶಾಲೆಗೆ ಹೋಗುವುದು. ಹೋದವರು ಇಲ್ಲಿರುವುದಿಲ್ಲ. ಹಾಗಾಗಿ “ಕಳಿಸಿದ ಮೇಲೆ ಫೈಲ್ ನಮ್ಮ ಹತ್ರ ಇರಲ್ವಾ?” ಎಂಬ ಪ್ರಶ್ನೆ ಸಹಜ. ಇಲ್ಲಿ ನಡೆಯುವುದು ನಕಲು ಮಾತ್ರ ಎಂಬುದನ್ನು ಪೀಠಿಕೆಯಲ್ಲೇ ಸ್ಪಷ್ಟಪಡಿಸಬೇಕು.

ಇದಕ್ಕೆ ಉಕ್ತಲೇಖನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಶಿಕ್ಷಕರು ಓದುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ; ಪುಸ್ತಕ ಶಿಕ್ಷಕರ ಕೈಯಲ್ಲೇ ಉಳಿಯುತ್ತದೆ. ಕಂಪ್ಯೂಟರ್ ಕೂಡ ಕಡತವನ್ನು ಇಡಿಯಾಗಿ ಕಳಿಸದೆ, ಸಾಮಾನ್ಯವಾಗಿ 1,500 ಬೈಟ್ ಮೀರದ ಪ್ಯಾಕೆಟ್‌ಗಳಾಗಿ ಒಡೆದು ಕಳಿಸುತ್ತದೆ. ಟಿಸಿಪಿ ಎಂಬ ನಿಯಮಾವಳಿ ಅವುಗಳ ಕ್ರಮ ನೋಡಿಕೊಂಡು, ತಲುಪದ್ದನ್ನು ಮತ್ತೆ ಕಳಿಸುತ್ತದೆ. ಚಟುವಟಿಕೆಗಾಗಿ ಒಂದು ವಾಕ್ಯವನ್ನು ಹತ್ತು ಚೀಟಿಗಳಲ್ಲಿ ಬರೆದು, ಕ್ರಮಸಂಖ್ಯೆ ಹಾಕಿ, ಎರಡು ಸಾಲುಗಳಲ್ಲಿ ಬೇರೆ ಬೇರೆಯಾಗಿ ದಾಟಿಸಿದೆ. ಏಳನೆಯದನ್ನು ಬೇಕೆಂದೇ ನನ್ನ ಬಳಿ ಇಟ್ಟುಕೊಂಡೆ. ಕೊನೆಯ ಬೆಂಚಿನಿಂದ “ಏಳು ಬಂದಿಲ್ಲ” ಎಂಬ ಕೂಗು ಬಂತು. ಟಿಸಿಪಿಯ ವ್ಯಾಖ್ಯಾನ ಬರೆಸುವ ಅಗತ್ಯವೇ ಬೀಳಲಿಲ್ಲ.

ನಕಲು ಎಂಬುದು ಮನದಟ್ಟಾದರೆ ಇನ್ನೊಂದು ಗಂಭೀರ ವಿಷಯ ಹೇಳಲು ದಾರಿಯಾಗುತ್ತದೆ. ಕಳಿಸಿದ ಫೋಟೊವನ್ನು ನಮ್ಮ ಕಂಪ್ಯೂಟರಿನಲ್ಲಿ ಅಳಿಸಿದರೆ ಪಡೆದವರ ಬಳಿ ಇರುವುದು ಅಳಿಯುವುದಿಲ್ಲ. ಅವರು ಇನ್ನಿಬ್ಬರಿಗೆ ಕಳಿಸಿದ್ದರೆ ನಾಲ್ಕು ಪ್ರತಿಗಳಾದವು, ನಮ್ಮ ಕೈಯಲ್ಲಿರುವುದು ಒಂದೇ. ಹದಿನಾಲ್ಕು ಹದಿನೈದು ವರ್ಷದ ಮಕ್ಕಳಿಗೆ ಈ ಲೆಕ್ಕ ಪರೀಕ್ಷೆಗಿಂತ ಹೆಚ್ಚು ಬೇಕಾದದ್ದು. ಇದಕ್ಕೆ ಐದು ನಿಮಿಷ ಹೆಚ್ಚೇ ಕೊಡಬಹುದು.

ಅಪ್‌ಲೋಡ್, ಡೌನ್‌ಲೋಡ್ ಗೊಂದಲಕ್ಕೆ ನಾವು ಕುಳಿತಿರುವ ಜಾಗದಿಂದ ನೋಡಿದರಾಯಿತು: ಇಲ್ಲಿಂದ ಸರ್ವರಿಗೆ ಹೋದರೆ ಅಪ್‌ಲೋಡ್, ಅಲ್ಲಿಂದ ಬಂದರೆ ಡೌನ್‌ಲೋಡ್. ಸಮಯದ ಲೆಕ್ಕವನ್ನು ಮಾತ್ರ ಹಲಗೆಯ ಮೇಲೆ ಮಾಡಿಸಬೇಕು. 40 ಮೆಗಾಬೈಟ್ ವಿಡಿಯೊ, ಸೆಕೆಂಡಿಗೆ 10 ಮೆಗಾಬಿಟ್ ವೇಗ ಎಂದರೆ ಮಕ್ಕಳು 4 ಸೆಕೆಂಡ್ ಎನ್ನುತ್ತಾರೆ. ಒಂದು ಬೈಟ್‌ಗೆ 8 ಬಿಟ್. ಆದ್ದರಿಂದ 320 ಮೆಗಾಬಿಟ್, ಕನಿಷ್ಠ 32 ಸೆಕೆಂಡ್.

ಇತಿಹಾಸಕ್ಕೆ ಒಂದು ಮಾತು ಸಾಕು. ಕಡತ ವರ್ಗಾವಣೆಯ ನಿಯಮಾವಳಿಯಾದ ಎಫ್‌ಟಿಪಿಯ ಮೊದಲ ರೂಪವನ್ನು 1971ರಲ್ಲಿ ಬರೆದವರು ಕಾನ್ಪುರ ಐಐಟಿಯಲ್ಲಿ ಓದಿದ ಅಭಯ್ ಭೂಷಣ್. ಮೂಲ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಕೂಡ ಬಿಚ್ಚಿದ ಅಂಚೆಕಾರ್ಡಿನಂತೆ ಸಾಗುತ್ತದೆ. ಕ್ರೋಮ್, ಫೈರ್‌ಫಾಕ್ಸ್‌ಗಳು 2021ರಲ್ಲಿ ಅದನ್ನು ಕೈಬಿಟ್ಟವು. ಈಗ ಗೂಢಲಿಪೀಕರಣವಿರುವ ಎಸ್‌ಎಫ್‌ಟಿಪಿ, ಎಚ್‌ಟಿಟಿಪಿಎಸ್ ಬಳಕೆಯಲ್ಲಿವೆ. ವಿಳಾಸಪಟ್ಟಿಯಲ್ಲಿ ಎಚ್‌ಟಿಟಿಪಿಎಸ್ ಇದೆಯೇ ಎಂದು ಮಕ್ಕಳೇ ಹುಡುಕಲಿ.

ಕೊನೆಗೆ, ನಮಗೆಲ್ಲ ಪರಿಚಿತವಾದ ದೂರು: ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಟೈಪಿಸಿದ ಪಾಠ ಯೋಜನೆ ಮಾರ್ಗದರ್ಶಕರ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುವುದು. “ಕಳಿಸುವಾಗ ಕೆಟ್ಟುಹೋಯ್ತು” ಎನ್ನುತ್ತೇವೆ. ಎರಡೂ ಕಡೆ ಪ್ರಾಪರ್ಟೀಸ್ ತೆರೆದು ನೋಡಿದರೆ ಗಾತ್ರ ಬೈಟ್ ಲೆಕ್ಕದಲ್ಲಿ ಒಂದೇ ಇರುತ್ತದೆ. ನಕಲು ಸರಿಯಾಗಿಯೇ ಆಗಿದೆ. ಆ ಅಕ್ಷರಶೈಲಿ ಅಲ್ಲಿಲ್ಲ, ಅಷ್ಟೆ. ಯುನಿಕೋಡ್‌ನಲ್ಲಿ ಟೈಪಿಸಿದರೆ ಅಥವಾ ಅಕ್ಷರಶೈಲಿ ಒಳಗೊಂಡ ಪಿಡಿಎಫ್ ಮಾಡಿ ಕಳಿಸಿದರೆ ಈ ತೊಂದರೆ ಇರುವುದಿಲ್ಲ.