ಬಾಗಿಲು ತೆರೆದ ಮೇಲೆ

ಮೈಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಸಂಧಿಸುವ ನಾಯಂಡಹಳ್ಳಿಯನ್ನು ಅರಿಯದ ಬೆಂಗಳೂರಿಗರು ವಿರಳ. ಪಕ್ಕದಲ್ಲಿ ವೃಷಭಾವತಿ, ಮೇಲುಗಡೆ, 2021ರ ಆಗಸ್ಟಿನಿಂದ ಇಲ್ಲಿ ನಿಂತು ಮುಂದೆ ಕೆಂಗೇರಿಯ ಕಡೆಗೆ ಓಡುತ್ತಿರುವ ಮೆಟ್ರೋ ರೈಲು. ಇಲ್ಲಿಂದ ಎರಡನೆಯ ನಿಲ್ದಾಣದ ಹೆಸರೇ ಜ್ಞಾನಭಾರತಿ. 1964ರಲ್ಲಿ ಸ್ಥಾಪಿತವಾದ ಬೆಂಗಳೂರು ವಿಶ್ವವಿದ್ಯಾಲಯದ ವಿಶಾಲವಾದ ಆವರಣ ಅಲ್ಲಿದೆ. 2017ರಲ್ಲಿ ಪ್ರಾರಂಭವಾದ ಡಾ. ಬಿ. ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಕೂಡ ಅಲ್ಲಿಯೇ ಇದೆ. ವರ್ತುಲ ರಸ್ತೆಯನ್ನು ಹಿಡಿದು ಉತ್ತರಕ್ಕೆ ನಡೆದರೆ ಮಲ್ಲತ್ತಹಳ್ಳಿಯಲ್ಲಿ ಡಾ. ಅಂಬೇಡ್ಕರ್ ತಾಂತ್ರಿಕ ಮಹಾವಿದ್ಯಾಲಯ ಸಿಗುತ್ತದೆ. ದುರ್ಬಲ ವರ್ಗದ ಮಕ್ಕಳಿಗೆ ಇಂಜಿನಿಯರಿಂಗ್ ವಿದ್ಯೆ ದೊರೆಯಲೆಂದು 1980ರಲ್ಲಿ ಹುಟ್ಟಿದ ಸಂಸ್ಥೆ ಅದು.

ಒಂದೇ ಮಹಾನುಭಾವನ ಹೆಸರು ಹೊತ್ತ ಈ ಎರಡು ಸಂಸ್ಥೆಗಳನ್ನು ಕಂಡಾಗಲೆಲ್ಲ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ. ತಲೆಮಾರುಗಳ ಕಾಲ ವಿದ್ಯೆಯ ಹೊಸ್ತಿಲಿನಾಚೆ ನಿಲ್ಲಿಸಲ್ಪಟ್ಟವರಿಗೆ ಬಾಗಿಲು ತೆರೆದುದಾಯಿತು. ಆ ಮೇಲೆ ಮಾಡಬೇಕಾದುದೇನು?

ಈ ಪ್ರಶ್ನೆಯನ್ನು ನಮಗಿಂತ ಮೊದಲು ಎದುರಿಸಿದವರು ಅಮೆರಿಕದ ಕಪ್ಪು ಜನರು. ಅಲ್ಲಿನ ಅಂತರ್ಯುದ್ಧ 1865ರಲ್ಲಿ ಮುಗಿದು, ದಾಸ್ಯದಿಂದ ಬಿಡುಗಡೆ ಹೊಂದಿದವರಿಗಾಗಿ 1866ರಲ್ಲಿ ಫಿಸ್ಕ್, 1867ರಲ್ಲಿ ಹೊವಾರ್ಡ್, 1881ರಲ್ಲಿ ಟಸ್ಕೆಗೀ ವಿದ್ಯಾಲಯಗಳು ತಲೆಯೆತ್ತಿದುವು. ಅಂಥ ಕಾಲೇಜುಗಳು ಈಗ ಸುಮಾರು ನೂರು ಇವೆ. ಮಾರ್ಟಿನ್ ಲೂಥರ್ ಕಿಂಗ್ 1948ರಲ್ಲಿ ಪದವಿ ಪಡೆದುದು ಇಂಥದೊಂದು ಕಾಲೇಜಿನಲ್ಲಿ. ಕಪ್ಪು ಜನರ ಹಿರಿಯ ಚಿಂತಕ ಡುಬಾಯ್ಸ್ ಫಿಸ್ಕ್‌ನ ಪದವೀಧರ. ಅವರಿಗೆ ನಮ್ಮ ಅಂಬೇಡ್ಕರರು 1946ರಲ್ಲಿ ಪತ್ರ ಬರೆದಿದ್ದರು. ದೂರದ ಎರಡು ನೋವುಗಳು ಒಂದನ್ನೊಂದು ಗುರುತಿಸಿದ್ದುವು.

1954ರ ತೀರ್ಪು, 1964ರ ಶಾಸನಗಳ ತರುವಾಯ ಆ ದೇಶದ ಉಳಿದ ಕಾಲೇಜುಗಳೂ ಎಲ್ಲರಿಗೆ ತೆರೆದುವು. ಆಗ ಹಳೆಯ ಕಾಲೇಜುಗಳಿಗೆ ಸಂಕಟವೊದಗಿತು. ಸಿರಿವಂತ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳನ್ನು ಸೆಳೆದುಕೊಳ್ಳುತ್ತಿರುವಾಗ ಇವುಗಳ ಅಗತ್ಯವೇನೆಂದು ಕೇಳಿದವರುಂಟು. ಇದಕ್ಕೆ ಉತ್ತರ ದೊರೆತುದು ವಾದದಲ್ಲಿ ಅಲ್ಲ, ಕೆಲಸದಲ್ಲಿ. ನ್ಯೂ ಆರ್ಲಿಯನ್ಸ್ ನಗರದ ಕ್ಸೇವಿಯರ್ ವಿಶ್ವವಿದ್ಯಾಲಯವನ್ನೇ ನೋಡಿ. ಅಲ್ಲಿನ ರಸಾಯನಶಾಸ್ತ್ರದ ಅಧ್ಯಾಪಕರು ಒಟ್ಟಾಗಿ ಕುಳಿತು ಅಭ್ಯಾಸಪುಸ್ತಕಗಳನ್ನು ತಾವೇ ಬರೆದರು. ಹಿಂದುಳಿದವರನ್ನು ಮೊದಲ ವಾರಗಳಲ್ಲಿಯೇ ಗುರುತಿಸಿ, ಗುಂಪುಗಳಲ್ಲಿ ಕೂರಿಸಿ ಓದಿಸಿದರು. ಈ ಚಿಕ್ಕ ಸಂಸ್ಥೆ ವೈದ್ಯವಿದ್ಯೆಗೆ ಕಳುಹಿಸಿದ ಕಪ್ಪು ವಿದ್ಯಾರ್ಥಿಗಳ ಸಂಖ್ಯೆ ಎಷ್ಟೋ ದೊಡ್ಡ ವಿಶ್ವವಿದ್ಯಾಲಯಗಳನ್ನು ಮೀರಿಸಿತು. ಯೋಗ್ಯರನ್ನು ಆರಿಸಿಕೊಳ್ಳುವುದು ಒಂದು ಬಗೆಯ ವಿದ್ಯಾಲಯದ ಹೆಮ್ಮೆ. ಬಂದವರನ್ನು ಯೋಗ್ಯರನ್ನಾಗಿಸುವುದು ಇನ್ನೊಂದು ಬಗೆಯದರ ಹೆಮ್ಮೆ.

ಈ ಎರಡನೆಯ ಹೆಮ್ಮೆ ನಮ್ಮ ನಾಡಿಗೆ ಅಪರಿಚಿತವೇನಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಸ್ವಜನರ ಬಹಿಷ್ಕಾರವನ್ನು ಸಹಿಸಿಕೊಂಡು ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಶಾಲೆ ತೆರೆದರು. ಅಕ್ಷರದೊಡನೆ ವಸತಿಯನ್ನೂ ಕಸುಬಿನ ಶಿಕ್ಷಣವನ್ನೂ ಒದಗಿಸಿದರು. ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ ಹಿಂದುಳಿದವರಿಗೆ ಸರ್ಕಾರಿ ಉದ್ಯೋಗದ ಹಾದಿಯನ್ನು ತೋರಿಸಿತು. ಸ್ವತಃ ಅಂಬೇಡ್ಕರರು 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜನ್ನು ತೆರೆದಾಗ, ಹಗಲು ದುಡಿಯುವ ಬಡವರಿಗೆ ಅನುಕೂಲವಾಗಲೆಂದು ಬೆಳಗಿನ ತರಗತಿಗಳನ್ನಿಡಿಸಿದರು. ಇವರೆಲ್ಲರೂ ವಿದ್ಯಾರ್ಥಿಯ ಬುದ್ಧಿಯನ್ನು ಮಾತ್ರವಲ್ಲ, ಅವನ ಹೊಟ್ಟೆಯನ್ನೂ ಹೊತ್ತನ್ನೂ ಲೆಕ್ಕಕ್ಕೆ ತೆಗೆದುಕೊಂಡವರು.

ಇದರ ಫಲಕ್ಕೆ ಒಂದೇ ನಿದರ್ಶನ ಸಾಕು. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ಬಡ ಹುಡುಗನೊಬ್ಬನಿಗೆ ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ವಿದ್ಯಾರ್ಥಿನಿಲಯ ಆಸರೆಯಾಯಿತು. ಆ ಹುಡುಗನೇ ಮುಂದೆ ಕವಿ ಸಿದ್ಧಲಿಂಗಯ್ಯನವರಾಗಿ, ಇದೇ ಜ್ಞಾನಭಾರತಿಯಲ್ಲಿ ಕನ್ನಡದ ಪ್ರಾಧ್ಯಾಪಕರಾದರು. 2021ರಲ್ಲಿ ತೀರಿಕೊಂಡ ಅವರ ಆತ್ಮಕಥೆ ‘ಊರು ಕೇರಿ’ಯನ್ನು ಓದಿದವರಿಗೆ, ಹಾಸ್ಟೆಲೆಂಬುದು ಬರಿಯ ಸೂರಲ್ಲ, ಅದೂ ಒಂದು ವಿದ್ಯಾಲಯವೆಂಬುದು ವೇದ್ಯವಾಗುತ್ತದೆ.

ಇಂದಿನ ಸ್ಥಿತಿಯೇನು? 2021–22ರ ಅಖಿಲ ಭಾರತ ಸಮೀಕ್ಷೆಯಂತೆ 18ರಿಂದ 23 ವಯಸ್ಸಿನವರಲ್ಲಿ ಉನ್ನತ ಶಿಕ್ಷಣಕ್ಕೆ ಸೇರಿದವರ ಪ್ರಮಾಣ ಒಟ್ಟಾರೆ ನೂರಕ್ಕೆ 28.4, ಪರಿಶಿಷ್ಟ ಜಾತಿಗಳಲ್ಲಿ 25.9, ಪರಿಶಿಷ್ಟ ಪಂಗಡಗಳಲ್ಲಿ 21.2. ಅಂತರ ಇದೆ, ನಿಜ. ಆದರೆ ಈ ಅಂಕಿಗಳು ಒಳಗೆ ಬಂದವರನ್ನು ಎಣಿಸುತ್ತವೆಯೇ ಹೊರತು ಪದವಿ ಪಡೆದು ಹೊರಟವರನ್ನಲ್ಲ. ನಡುವೆ ಮೌನವಾಗಿ ಮರೆಯಾದವನ ಹೆಸರು ಯಾವ ಸಮಾರಂಭದಲ್ಲಿಯೂ ಕೇಳಿಬರುವುದಿಲ್ಲ.

ಅವನು ಏಕೆ ಮರೆಯಾಗುತ್ತಾನೆ? ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವನಿಗೆ ಮೊದಲ ಸೆಮಿಸ್ಟರಿನ ಗಣಿತ ಇಂಗ್ಲಿಷಿನಲ್ಲಿ ಎದುರಾಗುತ್ತದೆ. ಗಣಿತ ತಿಳಿದಿದ್ದರೂ ಪ್ರಶ್ನೆ ತಿಳಿಯುವುದಿಲ್ಲ. ವಿದ್ಯಾರ್ಥಿವೇತನ ವರ್ಷ ಕಳೆಯುವ ಹೊತ್ತಿಗೆ ಬಂದರೆ, ಶುಲ್ಕದ ಗಡುವು ಅದಕ್ಕಾಗಿ ಕಾಯುವುದಿಲ್ಲ. ಹಾಸ್ಟೆಲಿನಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆಂದು 2013ರಲ್ಲಿ ನಮ್ಮ ಸರ್ಕಾರ ವಿದ್ಯಾಸಿರಿ ಯೋಜನೆಯ ಮೂಲಕ ತಿಂಗಳಿಗೆ 1,500 ರೂಪಾಯಿ ಕೊಡಲಾರಂಭಿಸಿದುದು ಸ್ತುತ್ಯವೇ. ಆದರೆ ನಾಯಂಡಹಳ್ಳಿಯ ಸುತ್ತಮುತ್ತ ಆ ಹಣಕ್ಕೆ ಊಟವೂ ಕೊಠಡಿಯೂ ಎರಡೂ ದೊರೆತಾವೆ? 2023ರಲ್ಲಿ ಬಂದ ಉಚಿತ ಬಸ್ ಪ್ರಯಾಣ ಹೆಣ್ಣುಮಕ್ಕಳ ದಾರಿಯ ಖರ್ಚನ್ನು ಇಳಿಸಿದೆ. ದಾರಿಯಲ್ಲಿ ಕಳೆಯುವ ಹೊತ್ತನ್ನು ಇಳಿಸಿಲ್ಲ.

ಆಧುನೀಕರಣವೆಂದೊಡನೆ ಗಾಜಿನ ಕಟ್ಟಡ, ಸಾಲು ಸಾಲು ಕಂಪ್ಯೂಟರುಗಳು ನಮ್ಮ ಕಣ್ಣ ಮುಂದೆ ನಿಲ್ಲುತ್ತವೆ. ಅವು ಬೇಡವೆಂದು ನಾನು ಹೇಳಲಾರೆ. ಬಡವರ ಕಾಲೇಜಿನ ಪ್ರಯೋಗಶಾಲೆ ಹಳತಾಗಿಯೇ ಇರಲೆಂಬ ವಾದ ಅವಮಾನಕರವಾದುದು. ಆದರೆ ಯಂತ್ರ ಯಾರ ಸೇವೆಗೆಂಬುದು ಮೊದಲು ಇತ್ಯರ್ಥವಾಗಬೇಕು. ಎರಡು ವಾರ ತರಗತಿಗೆ ಬಾರದವನ ಹೆಸರನ್ನು ಕಂಪ್ಯೂಟರು ಆ ದಿನವೇ ಅಧ್ಯಾಪಕರ ಮುಂದಿಡಬಲ್ಲುದು. ಅವನ ಕೊಠಡಿಗೆ ಹೋಗಿ ‘ಏಕಪ್ಪಾ ಬರಲಿಲ್ಲ?’ ಎಂದು ಕೇಳುವವರು ಮನುಷ್ಯರೇ ಆಗಬೇಕು. ತರಗತಿ ಮೊದಲಾಗುವ ಮುನ್ನ ಒಂದು ತಿಂಗಳ ಸೇತುಬಂಧ ಶಿಕ್ಷಣ, ಕಠಿಣ ವಿಷಯಗಳಿಗೆ ಕನ್ನಡದಲ್ಲಿ ವಿವರಣೆ, ಇಪ್ಪತ್ತು ವಿದ್ಯಾರ್ಥಿಗಳಿಗೊಬ್ಬ ಮಾರ್ಗದರ್ಶಕ, ವೇಳೆಗೆ ಸರಿಯಾಗಿ ಕೈಸೇರುವ ವಿದ್ಯಾರ್ಥಿವೇತನ, ಆವರಣದಲ್ಲಿಯೇ ಹಾಸಿಗೆ ಮತ್ತು ಅನ್ನ: ಇವುಗಳಲ್ಲಿ ಯಾವುದೂ ಹೊಸ ಆವಿಷ್ಕಾರವಲ್ಲ, ಹೆಚ್ಚಿನವು ರಂಗರಾಯರ ಕಾಲದವರಿಗೂ ಹೊಳೆದಿದ್ದುವೇ. ಇವು ನೆಲೆಗೊಂಡರೆ ಪ್ರವೇಶ ಕೇಳಿ ಬರುವವರ ಸಂಖ್ಯೆ ತಾನಾಗಿ ಏರುತ್ತದೆ. ಅಣ್ಣ ಪದವಿ ಪಡೆದ ಕಾಲೇಜಿಗೆ ತಂಗಿಯನ್ನು ಕರೆತರಲು ಜಾಹೀರಾತು ಬೇಕಾಗಿಲ್ಲ.

ಅಂಬೇಡ್ಕರರ ಹೆಸರನ್ನು ಫಲಕದ ಮೇಲೆ ಬರೆಯುವುದು ಸುಲಭ. ಅದು ಗೌರವವೂ ಹೌದು. ಆ ಹೆಸರಿನ ಋಣ ತೀರುವುದು ಮಾತ್ರ, ಅಂಜುತ್ತ ಒಳಗೆ ಕಾಲಿಟ್ಟ ಕೊನೆಯ ವಿದ್ಯಾರ್ಥಿಯೂ ಪದವಿಯೊಡನೆ ತಲೆಯೆತ್ತಿ ಹೊರನಡೆದ ದಿನ.