ಲ್ಯಾಪ್‌ಟಾಪ್‌ಗೆ ಹೊರಗಿನ ಟ್ರ್ಯಾಕ್‌ಪ್ಯಾಡ್: ಯಾರಿಗೆ ಬೇಕು, ಹೇಗೆ ಬಳಸಬೇಕು?

ಮಳವಳ್ಳಿ, ಕೊಳ್ಳೇಗಾಲ, ರಾಮನಗರದ ಕಡೆ ರೇಷ್ಮೆ ಕೆಲಸ ಮಾಡಿದ ಮನೆಗಳಿಗೆ ಕೈನೋವು ಹೊಸ ಮಾತಲ್ಲ. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಹೆಕ್ಕಿ ಹೆಕ್ಕಿ ಬೆರಳು ಬಿಳಿಚಿಕೊಂಡು, ರಾತ್ರಿ ಮಣಿಕಟ್ಟಿಗೆ ಎಣ್ಣೆ ಹಚ್ಚಿ ಬಟ್ಟೆ ಸುತ್ತಿ ಮಲಗುತ್ತಿದ್ದ ಅಜ್ಜಿಯರನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಈಗ ಅಂಥ ಮನೆಗಳ ಮಕ್ಕಳ ಕೈಗೆ ಲ್ಯಾಪ್‌ಟಾಪ್ ಬಂದಿದೆ. ಬಿಸಿನೀರಿಲ್ಲ, ಹಬೆಯಿಲ್ಲ, ಆದರೂ ಮಣಿಕಟ್ಟು ನೋಯುತ್ತದೆ, ಕುತ್ತಿಗೆ ಹಿಡಿಯುತ್ತದೆ. ‘ಕೂತು ಮಾಡುವ ಕೆಲಸಕ್ಕೆ ಎಂಥ ನೋವು’ ಎಂದು ಹಿರಿಯರು ನಕ್ಕುಬಿಡುವುದುಂಟು. ಇದು ನಗುವ ವಿಷಯವಲ್ಲ.

ಶಿವನಸಮುದ್ರವನ್ನೇ ತೆಗೆದುಕೊಳ್ಳಿ. ಗಗನಚುಕ್ಕಿಯ ಪಕ್ಕದಲ್ಲಿರುವ ಮರ್ದಾನೆ ಗೈಬ್ ದರ್ಗಾಕ್ಕೆ ಬರುವವರು ಜಲಪಾತ ನೋಡಿಕೊಂಡು ಹೊರಟುಬಿಡುತ್ತಾರೆ. ಅಲ್ಲೇ ವಾಸಿಸುವವರಿಗೆ ಕಾಲೇಜು, ಕಂಪ್ಯೂಟರ್ ಅಂಗಡಿ, ಮೂಳೆ ವೈದ್ಯರು ಎಲ್ಲಕ್ಕೂ ಮಳವಳ್ಳಿಯೋ ಕೊಳ್ಳೇಗಾಲವೋ ಆಗಬೇಕು. ಇಂಥ ಊರಿನಲ್ಲಿ ಡಿಗ್ರಿ ಮುಗಿಸಿದ ಹೆಣ್ಣುಮಗಳೊಬ್ಬಳು ಮನೆಯಲ್ಲೇ ಕುಳಿತು ಲೆಕ್ಕಪತ್ರ ಬರೆಯುತ್ತಾಳೆ, ಇಲ್ಲವೇ ಆನ್‌ಲೈನಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳೆ ಎಂದಿಟ್ಟುಕೊಳ್ಳಿ. ಅವಳ ಆಫೀಸು ಆ ಲ್ಯಾಪ್‌ಟಾಪೇ. ಅವಳ ಬಲಗೈ ಮರಗಟ್ಟಿದ ದಿನ ಮನೆಗೆ ಬರುವ ಆದಾಯವೂ ನಿಲ್ಲುತ್ತದೆ. ಹೊರಗಿನ ಟ್ರ್ಯಾಕ್‌ಪ್ಯಾಡ್ ಎಂಬ ಸಣ್ಣ ವಸ್ತುವಿನ ಬಗ್ಗೆ ಆರೋಗ್ಯದ ಪುಟದಲ್ಲಿ ಬರೆಯಲು ಕಾರಣ ಇದು.

ಲ್ಯಾಪ್‌ಟಾಪಿನ ತೊಡಕು ಅದರ ರಚನೆಯಲ್ಲೇ ಇದೆ. ಪರದೆ ಮತ್ತು ಕೀಲಿಮಣೆ ಒಂದಕ್ಕೊಂದು ಅಂಟಿಕೊಂಡಿವೆ. ಕೈಗೆ ಹಿತವಾಗುವ ಎತ್ತರದಲ್ಲಿ ಇಟ್ಟರೆ ಪರದೆ ಕೆಳಗಾಗಿ ಕುತ್ತಿಗೆ ಬಾಗುತ್ತದೆ. ಕಣ್ಣಿಗೆ ಹಿತವಾಗುವಂತೆ ಎತ್ತಿದರೆ ಕೈಗಳು ಗಾಳಿಯಲ್ಲಿ ನಿಲ್ಲುತ್ತವೆ. ದೊಡ್ಡವರ ತಲೆಯ ತೂಕ ಸುಮಾರು 5 ಕಿಲೋ. ನೆಟ್ಟಗಿದ್ದಾಗ ಬೆನ್ನೆಲುಬು ಅದನ್ನು ಸುಲಭವಾಗಿ ಹೊರುತ್ತದೆ. ಮುಂದಕ್ಕೆ ಬಾಗಿದಷ್ಟೂ ಕತ್ತಿನ ಸ್ನಾಯುಗಳು ಅದನ್ನು ಹಿಡಿದೆಳೆಯಬೇಕು. ಚಾಪೆಯ ಮೇಲೆ ಕುಳಿತು ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಳ್ಳುವ ನಮ್ಮ ಮನೆಗಳ ಅಭ್ಯಾಸ ಇದನ್ನು ಇನ್ನೂ ಕೆಡಿಸುತ್ತದೆ. ದಿನವೂ ಗಂಟೆಗಟ್ಟಲೆ ಬಿಸಿ ಲ್ಯಾಪ್‌ಟಾಪ್ ತೊಡೆಗೆ ತಾಗುತ್ತಿದ್ದರೆ ಚರ್ಮದ ಮೇಲೆ ಬಲೆಯಂಥ ಕಂದು ಗುರುತು ಮೂಡುವುದೂ ಉಂಟು. ಒಲೆಯ ಮುಂದೆ ಬಹಳ ಹೊತ್ತು ಕುಳಿತವರ ಕಾಲಿಗೆ ಬರುವ ಗುರುತೇ ಅದು.

ಆದ್ದರಿಂದ ಮೊದಲ ಕೆಲಸ ಕೊಳ್ಳುವುದಲ್ಲ, ಎತ್ತರಿಸುವುದು. ಕುರ್‌ಆನ್ ಓದಲು ನಾವು ರೇಹಲ್ ಬಳಸುತ್ತೇವೆ. ಅದು ಗ್ರಂಥಕ್ಕೆ ಕೊಡುವ ಗೌರವ. ಜೊತೆಗೆ ಓದುವವರ ಕತ್ತಿಗೂ ಅದರಿಂದ ಉಪಕಾರವಾಗುತ್ತದೆ. ಅದೇ ಉಪಾಯ ಇಲ್ಲಿಯೂ ಬೇಕು. (ರೇಹಲನ್ನೇ ತಂದು ಲ್ಯಾಪ್‌ಟಾಪಿನ ಕೆಳಗೆ ಇಡಬೇಡಿ. ಧಾರ್ಮಿಕ ಪುಸ್ತಕಗಳನ್ನು ಅಡಿಗೆ ಜೋಡಿಸುವುದೂ ಬೇಡ.) ಒಂದು ಗಟ್ಟಿ ಮಣೆ, ಹಳೆಯ ಮರದ ಪೆಟ್ಟಿಗೆ, ಗಾಳಿಯಾಡುವಂತೆ ಜೋಡಿಸಿದ ಎರಡು ಇಟ್ಟಿಗೆ ಸಾಕು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ಇಲ್ಲವೇ ಅದಕ್ಕಿಂತ ತುಸು ಕೆಳಗೆ ಬರಲಿ.

ಹೀಗೆ ಎತ್ತಿದ ಕೂಡಲೇ ಲ್ಯಾಪ್‌ಟಾಪಿನ ಸ್ವಂತ ಕೀಲಿಮಣೆ, ಸ್ವಂತ ಟ್ರ್ಯಾಕ್‌ಪ್ಯಾಡ್ ಎರಡೂ ಕೈಗೆ ಎಟುಕದಷ್ಟು ಮೇಲಾಗುತ್ತವೆ. ಹೊರಗಿನ ಕೀಲಿಮಣೆ ಮತ್ತು ಅದರ ಜೊತೆಗೆ ಮೌಸೋ ಟ್ರ್ಯಾಕ್‌ಪ್ಯಾಡೋ ಬೇಕಾಗುವುದು ಆಗ. ಲ್ಯಾಪ್‌ಟಾಪನ್ನು ಕೆಳಗೇ ಬಿಟ್ಟು ಪಕ್ಕದಲ್ಲಿ ದುಬಾರಿ ಟ್ರ್ಯಾಕ್‌ಪ್ಯಾಡ್ ಇಟ್ಟುಕೊಂಡರೆ ಹಣ ಹೋಗುತ್ತದೆ, ಕುತ್ತಿಗೆ ನೋವು ಉಳಿಯುತ್ತದೆ.

ಟ್ರ್ಯಾಕ್‌ಪ್ಯಾಡ್ ಬೆರಳಿನ ಒತ್ತಡವನ್ನಲ್ಲ, ಬೆರಳು ತಂದೊಡ್ಡುವ ವಿದ್ಯುತ್ ಬದಲಾವಣೆಯನ್ನು ಗುರುತಿಸುತ್ತದೆ. ಆದ್ದರಿಂದ ಒತ್ತಿ ಉಜ್ಜಬೇಕಿಲ್ಲ, ತಾಗಿದರೆ ಸಾಕು. ಒದ್ದೆ ಕೈಯಲ್ಲಿ ಅದು ತಬ್ಬಿಬ್ಬಾಗುವುದೂ ಇದೇ ಕಾರಣಕ್ಕೆ, ಏಕೆಂದರೆ ನೀರಿನ ಹನಿಯನ್ನೂ ಅದು ಬೆರಳೆಂದು ತಿಳಿಯಬಹುದು. ವುಝೂ ಮಾಡಿ ನಮಾಝ್ ಮುಗಿಸಿ ಬಂದು ಕುಳಿತಾಗ ಬಾಣದ ಗುರುತು ಎಲ್ಲೆಲ್ಲೋ ಹಾರಿದರೆ ಯಂತ್ರ ಕೆಟ್ಟಿತೆಂದು ಗಾಬರಿಯಾಗಬೇಡಿ. ಕೈಯನ್ನೂ ಪ್ಯಾಡನ್ನೂ ಒಣಬಟ್ಟೆಯಲ್ಲಿ ಒರೆಸಿ. ಬೆರಳಿಗೆ ದಪ್ಪನಾಗಿ ಹಸಿ ಮೆಹಂದಿ ಹಚ್ಚಿದ್ದಾಗಲೂ, ಕೈಗವಸು ತೊಟ್ಟಾಗಲೂ ಅದು ಸರಿಯಾಗಿ ಕೆಲಸ ಮಾಡದು.

ಹಾಗಾದರೆ ಮೌಸ್ ಸಾಲದೇ? ಬಹಳ ಮನೆಗಳಿಗೆ ಸಾಕು ಎಂದೇ ನನ್ನ ಅಭಿಪ್ರಾಯ. ಕೆಲವು ನೂರು ರೂಪಾಯಿಗೆ ಮಳವಳ್ಳಿಯ ಅಂಗಡಿಯಲ್ಲೇ ಸಿಗುತ್ತದೆ, ಕೆಟ್ಟರೆ ಇನ್ನೊಂದು ತರಬಹುದು. ಲೆಕ್ಕದ ಹಾಳೆಯಲ್ಲಿ ನಿಖರವಾಗಿ ಎಳೆದು ಗುರುತು ಮಾಡುವ ಕೆಲಸಕ್ಕೆ ಮೌಸೇ ಮೇಲು. ಆದರೆ ಮೌಸನ್ನು ಹಿಡಿದಿರಬೇಕು. ಕೀಲಿಮಣೆಯ ಬಲತುದಿಯ ಅಂಕಿಗಳ ಸಾಲನ್ನು ದಾಟಿ ತೋಳನ್ನು ಹೊರಕ್ಕೆ ಚಾಚಬೇಕು. ದಿನಗಟ್ಟಲೆ ಹಾಗೆ ಚಾಚಿದ ತೋಳಿನ ಹೆಗಲು ನೋಯುತ್ತದೆ. ಹಿಡಿತದಿಂದಲೇ ನೋವಾಗುವವರಿಗೆ, ಇಕ್ಕಟ್ಟಿನ ಮೇಜಿನವರಿಗೆ, ದಿನವಿಡೀ ಉದ್ದದ ಪುಟಗಳನ್ನು ಮೇಲೆ ಕೆಳಗೆ ಸರಿಸುವವರಿಗೆ ಟ್ರ್ಯಾಕ್‌ಪ್ಯಾಡ್ ನಿಜವಾಗಿ ಉಪಕಾರಿ. ಅದನ್ನು ಕೀಲಿಮಣೆಯ ಮುಂದೆ, ಎದೆಯ ನೇರಕ್ಕೆ ಇಡಬಹುದು. ಎರಡು ಕೈಯಲ್ಲೂ ಬಳಸಬಹುದು. ಊಟಕ್ಕೆ ಬಲಗೈ ಎಂಬುದು ನಮಗೆ ರೂಢಿ. ಟ್ರ್ಯಾಕ್‌ಪ್ಯಾಡಿಗೆ ಅರ್ಧ ದಿನ ಎಡಗೈ ಕೊಟ್ಟರೆ ಬಲಗೈಗೆ ಬಿಡುವು ಸಿಗುತ್ತದೆ.

ಕೊಳ್ಳುವಾಗ ಮೊದಲು ನಿಮ್ಮ ಲ್ಯಾಪ್‌ಟಾಪ್ ಯಾವುದೆಂದು ನೋಡಿ. ಆಪಲ್ ಕಂಪನಿಯ ಮ್ಯಾಜಿಕ್ ಟ್ರ್ಯಾಕ್‌ಪ್ಯಾಡ್ 2010ರಿಂದ ಮಾರುಕಟ್ಟೆಯಲ್ಲಿದೆ, ದೊಡ್ಡದು, ನಯವಾದದ್ದು. ಆದರೆ ಅದು ಮ್ಯಾಕ್‌ಗಾಗಿ ಮಾಡಿದ್ದು. ಬೆಲೆ 10 ಸಾವಿರ ರೂಪಾಯಿಗೂ ಮೇಲೆ. ನಮ್ಮ ಮನೆಗಳಲ್ಲಿ ಹೆಚ್ಚಾಗಿರುವುದು ವಿಂಡೋಸ್ ಲ್ಯಾಪ್‌ಟಾಪ್. ಅದಕ್ಕೆ ಕೊಳ್ಳುವಾಗ ವಿವರದಲ್ಲಿ ‘ಪ್ರಿಸಿಷನ್ ಟಚ್‌ಪ್ಯಾಡ್’ ಎಂಬ ಮಾತು ಇದೆಯೇ ನೋಡಿ. ಅದಿದ್ದರೆ ಎರಡು ಬೆರಳಲ್ಲಿ ಪುಟ ಸರಿಸುವುದು, ಮೂರು ಬೆರಳಲ್ಲಿ ಕಿಟಕಿ ಬದಲಿಸುವುದು ಮುಂತಾದವೆಲ್ಲ ವಿಂಡೋಸ್‌ನ ಸ್ವಂತ ಸೆಟ್ಟಿಂಗ್ಸ್‌ನಿಂದಲೇ ನಡೆಯುತ್ತವೆ. ಇಲ್ಲದಿದ್ದರೆ ಅದು ಬರೀ ಚಪ್ಪಟೆಯಾದ ಮೌಸಿನಂತೆ ಉಳಿದುಬಿಡಬಹುದು. ಗಾತ್ರವನ್ನೂ ಗಮನಿಸಿ, ತೀರ ಚಿಕ್ಕದಾದರೆ ಬೆರಳನ್ನು ಮತ್ತೆ ಮತ್ತೆ ಎತ್ತಿ ಇಡಬೇಕಾಗಿ ಹೊಸ ನೋವು ಶುರುವಾಗುತ್ತದೆ.

ತಂತಿಯದೋ ಬ್ಲೂಟೂತೋ? ಒಂದೇ ಕಡೆ ಕುಳಿತು ಕೆಲಸ ಮಾಡುವವರಿಗೆ ಯುಎಸ್‌ಬಿ ತಂತಿಯದು ನೆಮ್ಮದಿ: ಲ್ಯಾಪ್‌ಟಾಪಿನಿಂದಲೇ ಕರೆಂಟ್ ಎಳೆದುಕೊಳ್ಳುತ್ತದೆ, ಬೇರೆ ಚಾರ್ಜ್ ಬೇಡ. 1902ರಲ್ಲಿ ಶಿವನಸಮುದ್ರದ ನೀರಿನಿಂದ ಹುಟ್ಟಿದ ಕರೆಂಟ್ ಕೋಲಾರದ ಚಿನ್ನದ ಗಣಿಯವರೆಗೆ ಹೋಯಿತು, 1905ರಲ್ಲಿ ಬೆಂಗಳೂರಿನ ದೀಪ ಹೊತ್ತಿಸಿತು. ಈಗ ಊರಿನ ಮನೆಯಲ್ಲಿ ಕರೆಂಟ್ ಹೋದಾಗ ಆ ಇತಿಹಾಸ ನೆನೆದು ಪ್ರಯೋಜನವಿಲ್ಲ. ಚಾರ್ಜ್ ಮಾಡಬೇಕಾದ ವಸ್ತು ಒಂದು ಕಡಿಮೆಯಾದರೆ ಒಳ್ಳೆಯದೇ.

ಸಣ್ಣ ಊರುಗಳ ಅಂಗಡಿಯಲ್ಲಿ ಟ್ರ್ಯಾಕ್‌ಪ್ಯಾಡ್ ಸಿಗುವುದು ಅಪರೂಪ. ಮೈಸೂರಿಗೋ ಬೆಂಗಳೂರಿನ ಎಸ್‌ಪಿ ರಸ್ತೆಗೋ ಹೋಗುವ ಕೆಲಸವಿದ್ದರೆ ಲ್ಯಾಪ್‌ಟಾಪನ್ನೂ ಒಯ್ದು ಅಲ್ಲೇ ಹಾಕಿ ನೋಡಿ. ಆನ್‌ಲೈನಿನಲ್ಲಿ ತರಿಸಿದರೆ ವಾಪಸು ಮಾಡುವ ಗಡುವು ಎಷ್ಟು ದಿನವೆಂದು ಮೊದಲೇ ತಿಳಿದು, ಆ ದಿನಗಳಲ್ಲೇ ಚೆನ್ನಾಗಿ ಬಳಸಿ ಪರೀಕ್ಷಿಸಿ. ಬಿಲ್ ಎತ್ತಿಡಿ. ಬಡ್ಡಿಯ ಕಂತಿಗೆ ಕೈ ಹಾಕುವಷ್ಟು ಅಗತ್ಯದ ವಸ್ತುವಲ್ಲ ಇದು. ಹಣ ಕೂಡುವವರೆಗೆ ಮಣೆ ಮತ್ತು ಮೌಸ್‌ನಲ್ಲಿ ದಿನ ತಳ್ಳಬಹುದು.

ತಂದ ಮೇಲೆ ಸೆಟ್ಟಿಂಗ್ಸ್‌ಗೆ ಹತ್ತು ನಿಮಿಷ ಕೊಡಿ. ಒತ್ತುವ ಬದಲು ಮೆಲ್ಲನೆ ತಟ್ಟಿದರೆ ಕ್ಲಿಕ್ ಆಗುವ ಆಯ್ಕೆಯನ್ನು ಆನ್ ಮಾಡಿ; ಬೆರಳಿಗೆ ಅದರಿಂದ ಬಹಳ ಉಳಿತಾಯ. ಬಾಣದ ವೇಗವನ್ನು ಸ್ವಲ್ಪ ಹೆಚ್ಚಿಸಿದರೆ ಸಣ್ಣ ಚಲನೆಯಲ್ಲೇ ಪರದೆ ದಾಟಬಹುದು. ಮಣಿಕಟ್ಟನ್ನು ಮೇಜಿನ ಚೂಪು ಅಂಚಿಗೆ ಒರಗಿಸಬೇಡಿ. ಮೊಣಕೈ ಹೆಚ್ಚುಕಡಿಮೆ ಲಂಬವಾಗಿ ಮಡಿಚಿ, ಅಂಗೈ ಮತ್ತು ಮುಂಗೈ ಒಂದೇ ನೇರದಲ್ಲಿರಲಿ. ಹೆಬ್ಬೆರಳಲ್ಲಿ ಒತ್ತಿ ಹಿಡಿದು ತೋರುಬೆರಳಲ್ಲಿ ಎಳೆಯುವ ಅಭ್ಯಾಸ ಬಿಡಿ. ಹೆಬ್ಬೆರಳ ಬುಡ ನೋಯಲು ಅದೊಂದು ಸಾಕು.

ನೋವು ಎಲ್ಲಿದೆ ಎಂಬುದನ್ನು ಗಮನಿಸಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟುತ್ತಿದ್ದು, ರಾತ್ರಿ ಎಚ್ಚರವಾಗಿ ಕೈ ಕೊಡವಬೇಕೆನಿಸಿದರೆ ಮಣಿಕಟ್ಟಿನ ಕಿರುದಾರಿಯಲ್ಲಿ ಹಾಯುವ ನರ ಒತ್ತಿಕೊಂಡಿರಬಹುದು. ಕಾರ್ಪಲ್ ಟನಲ್ ತೊಂದರೆ ಎನ್ನುವುದು ಇದನ್ನೇ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಬಸುರಿಯರಲ್ಲಿ, ಸಕ್ಕರೆ ಕಾಯಿಲೆ ಅಥವಾ ಥೈರಾಯ್ಡ್ ಕೊರತೆ ಇರುವವರಲ್ಲಿ ಇನ್ನಷ್ಟು ಸಾಮಾನ್ಯ. ಆದ್ದರಿಂದ ಎಲ್ಲವನ್ನೂ ಲ್ಯಾಪ್‌ಟಾಪಿನ ತಲೆಗೆ ಕಟ್ಟಿ ಕುಳಿತರೆ ಒಳಗಿನ ಕಾಯಿಲೆ ತಪ್ಪಿಹೋದೀತು. ಕಿರುಬೆರಳ ಕಡೆ ಜೋಮು ಹಿಡಿದರೆ ಅದು ಬೇರೆ ನರ. ಮೊಣಕೈ ಊರಿ ಕೂರುವವರಿಗೆ ಬರುತ್ತದೆ. ಸುಜೂದ್‌ನಲ್ಲಿ ಅಂಗೈ ನೆಲಕ್ಕೂರಿದಾಗ ಮಣಿಕಟ್ಟು ಪೂರ್ತಿ ಹಿಂದಕ್ಕೆ ಬಾಗಿ ಭಾರ ಹೊರುತ್ತದೆ. ಮೊದಲಿಲ್ಲದ ನೋವು ಆಗ ಕಾಣಿಸಿಕೊಂಡರೆ ಅದು ಎಚ್ಚರಿಕೆಯ ಗುರುತು. ಕೈಯಿಂದ ಲೋಟ ಜಾರುವುದು, ಹೆಬ್ಬೆರಳ ಬುಡದ ಮಾಂಸ ಕರಗಿದಂತೆ ಕಾಣುವುದು ಇದ್ದರೆ ತಡ ಮಾಡದೆ ವೈದ್ಯರಲ್ಲಿಗೆ ಹೋಗಿ. ಎಣ್ಣೆ ತಿಕ್ಕಿ ಬಟ್ಟೆಯನ್ನು ಬಿಗಿಯಾಗಿ ಸುತ್ತಿದರೆ ಒತ್ತಿದ ನರವನ್ನು ಇನ್ನಷ್ಟು ಒತ್ತಿದಂತಾಗುತ್ತದೆ. ರಾತ್ರಿ ಮಣಿಕಟ್ಟನ್ನು ನೇರವಾಗಿಡುವ ಪಟ್ಟಿಯನ್ನು ವೈದ್ಯರು ಸೂಚಿಸಬಹುದು. ಆರಂಭದಲ್ಲೇ ಹೋದವರಿಗೆ ಅನೇಕ ಸಲ ಅಷ್ಟೇ ಸಾಕಾಗುತ್ತದೆ. ನೋವಿರುವಾಗ ನಮಾಝ್ ಹೇಗೆ ನಿರ್ವಹಿಸಬೇಕೆಂದು ನಿಮ್ಮ ಮಸೀದಿಯ ಆಲಿಮರನ್ನು ಕೇಳಿ, ರೋಗಿಗೆ ಸೌಲಭ್ಯಗಳಿವೆ.

ಝುಹರ್, ಅಸರ್, ಮಗ್ರಿಬ್ ನಮಾಝ್‌ಗಳು ಕೆಲಸದ ನಡುವೆ ಎಬ್ಬಿಸಿ ಮೈಯನ್ನು ಆಡಿಸುತ್ತವೆ. ಬೆಳಗಿನ ಕೆಲಸದ ಹೊತ್ತಿಗೆ ಮಾತ್ರ ಅಂಥ ಬಿಡುವಿಲ್ಲ. ಒಂಬತ್ತಕ್ಕೆ ಕುಳಿತವರು ಝುಹರ್‌ವರೆಗೆ ಏಳದೇ ಇರುವುದೇ ಹೆಚ್ಚು. ಆ ಹೊತ್ತಿನಲ್ಲಿ ಅರ್ಧ ಗಂಟೆಗೊಮ್ಮೆ ಎದ್ದು ನೀರು ಕುಡಿದು ಬನ್ನಿ.

ಇನ್ನು ಸ್ವಚ್ಛತೆ. ಮನೆಮಂದಿಯೆಲ್ಲ ಮುಟ್ಟುವ ಪ್ಯಾಡಿನ ಮೇಲೆ ಬೆವರು, ಎಣ್ಣೆ, ತಿಂಡಿಯ ಜಿಡ್ಡು ಕೂರುತ್ತದೆ. ಮನೆಯಲ್ಲಿ ಒಬ್ಬರಿಗೆ ನೆಗಡಿಯೋ ಕೆಂಗಣ್ಣೋ ಆದರೆ ಅದು ಕೈಯಿಂದ ಕೈಗೆ ದಾಟುವ ದಾರಿಗಳಲ್ಲಿ ಇದೂ ಒಂದು. ವಾರಕ್ಕೆರಡು ಸಲ, ಮನೆಯಲ್ಲಿ ಕಾಯಿಲೆ ಇದ್ದಾಗ ದಿನವೂ ಒರೆಸಿ. ತಂತಿ ಬಿಚ್ಚಿ ಅಥವಾ ಸ್ವಿಚ್ ಆಫ್ ಮಾಡಿ, ಮೆತ್ತನೆ ಬಟ್ಟೆಯನ್ನು 70 ಶೇಕಡಾ ಐಸೊಪ್ರೊಪೈಲ್ ದ್ರಾವಣದಲ್ಲಿ ತುಸುವೇ ನೆನೆಸಿ ಒರೆಸಿದರೆ ಸಾಕು. ಇದು ಕುಡಿಯುವ ಮದ್ಯವಲ್ಲ, ಮೆಡಿಕಲ್ ಅಂಗಡಿಯಲ್ಲಿ ಸಿಗುವ ಸೋಂಕುನಾಶಕ. ಆದರೂ ಮನಸ್ಸು ಒಪ್ಪದವರು ಸೋಪಿನ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ತೇವ ತೆಗೆಯಬಹುದು. ದ್ರಾವಣವನ್ನು ನೇರವಾಗಿ ಪ್ಯಾಡಿನ ಮೇಲೆ ಸುರಿಯಬೇಡಿ. ಬ್ಲೀಚಿಂಗ್ ಪುಡಿ, ಫಿನೈಲ್, ಅಂಟಂಟಾದ ಸ್ಯಾನಿಟೈಸರ್ ಇದರ ಹತ್ತಿರವೂ ಬೇಡ.